ಬುರುಜಿನ ಮೇಲಿಂದ ಎಸೆದ ಚೆಂಡು: ರೇಂಜ್ ಸೂತ್ರ ಹಾಕಿದರೆ ಉತ್ತರ ಯಾಕೆ ಬರುವುದಿಲ್ಲ?

ಮುಳ್ಳೇರಿಯ ಪ್ಲಸ್ ವನ್

ಎಲ್ಲರಿಗೂ ನಮಸ್ಕಾರ. ನಾನು ಪ್ಲಸ್ ವನ್, ಅಂದರೆ ಹನ್ನೊಂದನೇ ಕ್ಲಾಸಿನ, ಸೈನ್ಸ್ ವಿದ್ಯಾರ್ಥಿನಿ. ಕ್ಲಾಸಲ್ಲಿ ಈಗ ಪ್ರೊಜೆಕ್ಟೈಲ್, ಅಂದರೆ ಎಸೆದ ವಸ್ತುವಿನ ಚಲನೆ, ನಡೆಯುತ್ತಾ ಉಂಟು. ಒಂದು ಲೆಕ್ಕದ ಹತ್ತಿರ ನಿಂತುಬಿಟ್ಟಿದ್ದೇನೆ.

ಲೆಕ್ಕ ಹೀಗೆ: ಬೇಕಲದಂಥ ಒಂದು ಕೋಟೆ. ಬುರುಜು ಸಮುದ್ರದ ನೀರಿನಿಂದ 40 ಮೀಟರ್ ಮೇಲೆ ಉಂಟು. ಅಲ್ಲಿಂದ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಒಂದು ಚೆಂಡನ್ನು ಸಮುದ್ರದ ಕಡೆಗೆ ಎಸೆಯುತ್ತಾರೆ. ನೆಲಕ್ಕೆ ಸಮನಾಗಿ ಅಡ್ಡ ಎಸೆದರೆ ಎಷ್ಟು ದೂರದಲ್ಲಿ ಬೀಳುತ್ತದೆ? 30 ಡಿಗ್ರಿ ಮೇಲಕ್ಕೆ ಎಸೆದರೆ ಎಷ್ಟು ದೂರ?

ನಾನು ರೇಂಜ್, ಅಂದರೆ ಬೀಳುವ ದೂರದ, ಸೂತ್ರ ಹಾಕಿದೆ. ಯು ಸ್ಕ್ವೇರ್ ಸೈನ್ ಟೂ ತೀಟಾ ಬೈ ಜಿ. ಯು ಎಸೆದ ವೇಗ, ತೀಟಾ ಎಸೆದ ಕೋನ, ಜಿ ಗುರುತ್ವದ 9.8. 30 ಡಿಗ್ರಿಗೆ 19.9 ಮೀಟರ್ ಬಂತು. ಉತ್ತರದ ಪಟ್ಟಿಯಲ್ಲಿ 48.4 ಅಂತ ಉಂಟು. ಅಡ್ಡ ಎಸೆದದ್ದಕ್ಕೆ ಇದೇ ಸೂತ್ರ ಹಾಕಿದರೆ ಸೊನ್ನೆ ಬರುತ್ತದೆ! ಚೆಂಡು ಬುರುಜಿನ ಬುಡದಲ್ಲೇ ಬಿದ್ದ ಹಾಗಾಯ್ತು.

ಇನ್ನೊಂದು ಸಂಶಯ. ಚೆಂಡು ತೀರಾ ಮೇಲೆ ಮುಟ್ಟಿದಾಗ ವೇಗವೂ ಸೊನ್ನೆ, ವೇಗೋತ್ಕರ್ಷವೂ (ವೇಗ ಬದಲಾಗುವ ದರ) ಸೊನ್ನೆ ಅಲ್ವಾ? ಫ್ರೆಂಡ್ ಒಬ್ಬಳು ಹೌದು ಅಂತಾಳೆ, ಇನ್ನೊಬ್ಬಳು ಅಲ್ಲ ಅಂತಾಳೆ.

ಕಾಸರಗೋಡು ನೀಟ್ ರಿಪೀಟರ್

ಆ ಸೂತ್ರ ಎಸೆದ ಮಟ್ಟಕ್ಕೇ ವಾಪಸ್ ಬೀಳುವ ಕೇಸಿಗೆ ಮಾತ್ರ. ನಿನ್ನ ಲೆಕ್ಕದಲ್ಲಿ ಚೆಂಡು 40 ಮೀಟರ್ ಕೆಳಗೆ ಹೋಗಿ ಬೀಳುತ್ತದೆ. ಅಡ್ಡ ಎಸೆತಕ್ಕೆ ಬೇರೆ ಸೂತ್ರ ಉಂಟು: ಯು ಇಂಟು ರೂಟ್ ಟೂ ಎಚ್ ಬೈ ಜಿ, ಎಚ್ ಅಂದರೆ ಎತ್ತರ. ಮೇಲಕ್ಕೆ ಎಸೆದದ್ದಕ್ಕೆ ಮತ್ತೊಂದು, ಕೆಳಕ್ಕೆ ಎಸೆದದ್ದಕ್ಕೆ ಇನ್ನೊಂದು, ಇಳಿಜಾರಿನ ಮೇಲೆ ಬೀಳುವುದಕ್ಕೆ ಇನ್ನೂ ಒಂದು. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸು. ನೀಟ್‌ನಲ್ಲಿ 180 ಪ್ರಶ್ನೆಗೆ 180 ನಿಮಿಷ. ಕೂತು ಯೋಚನೆ ಮಾಡಲು ಸಮಯ ಇರುವುದಿಲ್ಲ.

ಕುಂಬಳೆ ನಿವೃತ್ತ ಮಾಷ್ಟ್ರು

ರಿಪೀಟರ್ ಹೇಳಿದ ಮೊದಲ ಮಾತು ಸರಿ. ಆ ಸೂತ್ರ ಸಮತಟ್ಟು ಮೈದಾನದ್ದು, ಕೋಟೆಗೆ ಅದು ನಡೆಯುವುದಿಲ್ಲ. ಆದರೆ ಗೋಡೆಗೆ ಹಾಳೆ ಅಂಟಿಸುವ ಸಲಹೆ ನನಗೆ ಒಪ್ಪಿಗೆ ಇಲ್ಲ. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ.

ತಂಗಿ, ಸೂತ್ರವನ್ನು ಸ್ವಲ್ಪ ಪಕ್ಕಕ್ಕೆ ಇಡು. ಚೆಂಡು ಕೈ ಬಿಟ್ಟ ಮೇಲೆ ಅದರ ಮೇಲೆ ಯಾವ ಬಲ ಉಂಟು? ಗಾಳಿಯನ್ನು ಸದ್ಯಕ್ಕೆ ಲೆಕ್ಕಕ್ಕೆ ಹಿಡಿಯಬೇಡ. ಉಳಿಯುವುದು ಗುರುತ್ವ ಒಂದೇ. ಅದು ಎಳೆಯುವುದು ನೇರ ಕೆಳಗೆ. ಅಡ್ಡ ದಿಕ್ಕಿನಲ್ಲಿ ಎಳೆಯುವವರು ಯಾರೂ ಇಲ್ಲ, ತಡೆಯುವವರೂ ಇಲ್ಲ. ಹಾಗಾದರೆ ಅಡ್ಡ ದಿಕ್ಕಿನ ವೇಗ ಬದಲಾಗಲು ಕಾರಣವೇ ಇಲ್ಲ. ಮೊದಲು ಎಷ್ಟಿತ್ತೋ ಬೀಳುವ ತನಕ ಅಷ್ಟೇ. ಮೇಲೆ-ಕೆಳಗಿನ ವೇಗ ಮಾತ್ರ ಸೆಕೆಂಡಿಗೆ 9.8ರಷ್ಟು ಕೆಳಮುಖವಾಗಿ ಬದಲಾಗುತ್ತಾ ಹೋಗುತ್ತದೆ.

ಈಗ ಮುಖ್ಯ ವಿಷಯ. ಚೆಂಡು ಎಷ್ಟು ಹೊತ್ತು ಗಾಳಿಯಲ್ಲಿ ಇರಬೇಕು ಅನ್ನುವುದನ್ನು ನಿರ್ಧಾರ ಮಾಡುವವರು ಯಾರು? ಮೇಲೆ-ಕೆಳಗಿನ ಚಲನೆ ಮಾತ್ರ. ಶಾಲೆಯಲ್ಲಿ ಆಟದ ಪೀರಿಯಡ್ ಮುಗಿಸುವುದು ಬೆಲ್, ಮಕ್ಕಳು ಬೆಲ್ ಆಗುವ ತನಕ ಓಡುತ್ತಾ ಇರುತ್ತಾರೆ. ಇಲ್ಲಿ ಬೆಲ್ ಹೊಡೆಯುವುದು ಮೇಲೆ-ಕೆಳಗಿನ ಚಲನೆ, ಓಡುವುದು ಅಡ್ಡ ಚಲನೆ. ಪ್ರೊಜೆಕ್ಟೈಲ್‌ನ ಯಾವ ಲೆಕ್ಕ ಬಂದರೂ ಮೊದಲ ಪ್ರಶ್ನೆ ಒಂದೇ ಇರಲಿ: ಸಮಯ ಎಷ್ಟು? ಅದು ಸಿಕ್ಕಿದ ಮೇಲೆ ದೂರ ಅಂದರೆ ಬರೀ ಒಂದು ಗುಣಾಕಾರ.

ಅಡ್ಡ ಎಸೆತವನ್ನೇ ನೋಡು. ಶುರುವಿನಲ್ಲಿ ಕೆಳಮುಖ ವೇಗ ಸೊನ್ನೆ. 40 ಮೀಟರ್ ಬೀಳಬೇಕು. 40 = 4.9 × ಸಮಯದ ವರ್ಗ. ಸಮಯ 2.86 ಸೆಕೆಂಡ್. ಈ ಲೆಕ್ಕದಲ್ಲಿ 15 ಎಲ್ಲಾದರೂ ಬಂತಾ? ಬರಲಿಲ್ಲ. ಚೆಂಡನ್ನು ಸುಮ್ನೆ ಕೈಬಿಟ್ಟಿದ್ದರೂ ಅಷ್ಟೇ ಹೊತ್ತು. ಆ 2.86 ಸೆಕೆಂಡಿನಲ್ಲಿ ಅಡ್ಡಕ್ಕೆ 15ರಂತೆ ಓಡಿದರೆ 42.9 ಮೀಟರ್. ಮುಗಿಯಿತು.

ಎರಡನೆಯದನ್ನು ನೀನೇ ಮಾಡು. 15ನ್ನು ಎರಡು ಪಾಲು ಮಾಡಬೇಕು. ಮೇಲಕ್ಕೆ 15 × ಸೈನ್ 30, ಅಂದರೆ 7.5. ಅಡ್ಡಕ್ಕೆ 15 × ಕೊಸೈನ್ 30, ಅಂದರೆ 12.99. ಮೇಲಿನ ದಿಕ್ಕನ್ನು ಪ್ಲಸ್ ಅಂತ ಇಟ್ಟುಕೋ. ಹಾಗೆ ಇಟ್ಟ ಮೇಲೆ ಕೊನೆಯ ತನಕ ಬದಲಿಸಬೇಡ. ಗುರುತ್ವ ಮೈನಸ್ 9.8, ನೀರಿನ ಮಟ್ಟ ಮೈನಸ್ 40. ಮಕ್ಕಳು ಇಲ್ಲಿ ತುಂಬ ಎಡವುತ್ತಾರೆ. ಚೆಂಡು ಇಳಿಯಲು ಶುರು ಮಾಡಿದ ಕೂಡಲೇ ಗುರುತ್ವದ ಚಿಹ್ನೆ ಬದಲಿಸುತ್ತಾರೆ. ಚೆಂಡು ಏರಲಿ, ಇಳಿಯಲಿ, ಭೂಮಿ ಎಳೆಯುವ ದಿಕ್ಕು ಒಂದೇ.

ನಿನ್ನ ಎರಡನೇ ಸಂಶಯಕ್ಕೂ ಉತ್ತರ ಇಲ್ಲೇ ಉಂಟು. ತೀರಾ ಮೇಲೆ ಸೊನ್ನೆಯಾಗುವುದು ಮೇಲ್ಮುಖದ ವೇಗ ಮಾತ್ರ. ಅಡ್ಡ ವೇಗ 12.99 ಹಾಗೆಯೇ ಉಂಟು. ವೇಗೋತ್ಕರ್ಷ ಸೊನ್ನೆ ಆಗುವುದೇ ಇಲ್ಲ. ಅಲ್ಲಿ ವೇಗೋತ್ಕರ್ಷ ಸೊನ್ನೆಯಾದರೆ ಚೆಂಡು ಮತ್ತೆ ಕೆಳಗೆ ಬರುವುದು ಹೇಗೆ? ಅದೇ ಎತ್ತರದಲ್ಲಿ ನೇರ ಅರಬಿ ಸಮುದ್ರದ ಮೇಲೆ ಹೋಗುತ್ತಲೇ ಇರಬೇಕಿತ್ತು.

ಮುಳ್ಳೇರಿಯ ಪ್ಲಸ್ ವನ್

ಮಾಷ್ಟ್ರೇ, ತುಂಬ ಥ್ಯಾಂಕ್ಸ್. ಎರಡನೆಯದು ರಾತ್ರಿ ಮಾಡಿ ಹಾಕುತ್ತೇನೆ. ಆದರೆ ಒಂದು ವಿಷಯ ಮನಸ್ಸಿಗೆ ಹೋಗುತ್ತಾ ಇಲ್ಲ. ನಾವು ಎಸೆದ ಬಲ ಚೆಂಡಿನಲ್ಲಿ ಸ್ವಲ್ಪ ಹೊತ್ತಾದರೂ ಇರುತ್ತದೆ ಅಲ್ವಾ? ಆ ಬಲ ಮುಗಿದ ಮೇಲೆಯೇ ಅಲ್ವಾ ಚೆಂಡು ಬೀಳಲು ಶುರು ಮಾಡುವುದು? ಜೋರಾಗಿ ಎಸೆದ ಚೆಂಡು ಜಾಸ್ತಿ ಹೊತ್ತು ನೇರ ಹೋದ ಹಾಗೆ ಕಾಣುತ್ತದೆ.

ಉಪ್ಪಳದವ, ಈಗ ಮಂಗಳೂರಲ್ಲಿ ಮೆಕ್ಯಾನಿಕಲ್

ತಂಗಿ, ಈ ಪ್ರಶ್ನೆಗೆ ನೂರಾರು ವರ್ಷದ ಇತಿಹಾಸ ಉಂಟು. ಹಿಂದಿನ ಕಾಲದ ದೊಡ್ಡ ದೊಡ್ಡ ಪಂಡಿತರೂ ನೀನು ಹೇಳಿದ ಹಾಗೆಯೇ ಯೋಚಿಸಿದ್ದರು. ಇಟಲಿಯ ತಾರ್ತಾಲಿಯಾ 1537ರಲ್ಲಿ ಫಿರಂಗಿ ಗುಂಡಿನ ಬಗ್ಗೆ ಬರೆದ. ಅವನ ಚಿತ್ರದಲ್ಲಿ ಗುಂಡು ಮೊದಲು ನೇರ ಗೆರೆಯಲ್ಲಿ ಹೋಗುತ್ತದೆ, ಮತ್ತೆ ಸ್ವಲ್ಪ ಬಾಗುತ್ತದೆ, ಆಮೇಲೆ ನೇರ ಕೆಳಗೆ ಬೀಳುತ್ತದೆ. 45 ಡಿಗ್ರಿಗೆ ಗುಂಡು ಎಲ್ಲಕ್ಕಿಂತ ದೂರ ಹೋಗುತ್ತದೆ ಅಂತ ಹೇಳಿದವನೂ ಅವನೇ. ದಾರಿಯ ಆಕಾರ ತಪ್ಪಾಗಿದ್ದರೂ ಆ ಮಾತು ಸರಿಯಾಗಿತ್ತು.

ಗೆಲಿಲಿಯೊ ಬೇರೆ ದಾರಿ ಹಿಡಿದ. ಇಳಿಜಾರಿನ ಮೇಲೆ ಗುಂಡು ಉರುಳಿಸಿ, ಅದು ಮೇಜಿನ ಅಂಚಿನಿಂದ ಹಾರಿ ನೆಲದ ಮೇಲೆ ಎಲ್ಲಿ ಬೀಳುತ್ತದೆ ಅಂತ ಅಳೆದ. 1608ರ ಸುಮಾರಿಗೆ ಅವನು ಬರೆದಿಟ್ಟ ಆ ಅಳತೆಗಳ ಹಾಳೆ ಈಗಲೂ ಉಂಟು. ದಾರಿ ಪರವಲಯ, ಅಂದರೆ ಪ್ಯಾರಾಬೊಲಾ, ಅಂತ 1638ರಲ್ಲಿ ಪುಸ್ತಕದಲ್ಲಿ ಸಾಧಿಸಿ ತೋರಿಸಿದ. ಅವನ ಸಾಧನೆಯ ಬುಡದಲ್ಲಿ ಇರುವುದು ಮಾಷ್ಟ್ರು ಹೇಳಿದ ಮಾತೇ. ಅಡ್ಡ ಚಲನೆ ಒಂದೇ ಸಮ ಹೋಗುತ್ತದೆ, ಬೀಳುವ ಚಲನೆ ತನ್ನ ಪಾಡಿಗೆ ಹೆಚ್ಚುತ್ತದೆ, ಒಂದು ಇನ್ನೊಂದನ್ನು ಕೆಡಿಸುವುದಿಲ್ಲ.

ಕೈಯ ಬಲ ಇರುವುದು ಕೈ ಮುಟ್ಟಿರುವ ತನಕ ಮಾತ್ರ. ಕೈ ಬಿಟ್ಟ ಕ್ಷಣಕ್ಕೆ ಅದು ಮುಗಿಯಿತು. ಚೆಂಡಿನ ಜೊತೆ ಉಳಿಯುವುದು ವೇಗ. ವೇಗ ಉಳಿಯಲು ಬಲ ಬೇಡ, ವೇಗ ಬದಲಾಗಲು ಬಲ ಬೇಕು. ಜೋರಾಗಿ ಎಸೆದ ಚೆಂಡೂ ಕೈ ಬಿಟ್ಟ ಮೊದಲ ಕ್ಷಣದಿಂದಲೇ ಬೀಳುತ್ತಾ ಇರುತ್ತದೆ. ಹತ್ತನೇ ಒಂದು ಸೆಕೆಂಡಿನಲ್ಲಿ 4.9 ಸೆಂಟಿಮೀಟರ್ ಇಳಿಯುತ್ತದೆ. ಅಷ್ಟರಲ್ಲಿ ಅದು 3 ಮೀಟರ್ ಮುಂದೆ ಹೋಗಿದ್ದರೆ ನಮ್ಮ ಕಣ್ಣಿಗೆ ನೇರ ಕಾಣುತ್ತದೆ. 30 ಸೆಂಟಿಮೀಟರ್ ಮಾತ್ರ ಹೋಗಿದ್ದರೆ ಬಾಗಿದ್ದು ಎದ್ದು ಕಾಣುತ್ತದೆ. ಇಳಿದದ್ದು ಎರಡರಲ್ಲೂ ಒಂದೇ.

ಬದಿಯಡ್ಕ ಟೀಚರ್

ನಾನು ಹೈಸ್ಕೂಲ್ ಮಕ್ಕಳಿಗೆ ಇದನ್ನು ಎರಡು ನಾಣ್ಯದಲ್ಲಿ ತೋರಿಸುತ್ತೇನೆ. ಮೇಜಿನ ಅಂಚಿನ ಹತ್ತಿರ ಒಂದು ಸ್ಕೇಲು ಓರೆಯಾಗಿ ಇಡಿ, ಸ್ವಲ್ಪ ಭಾಗ ಹೊರಗೆ ಚಾಚಿರಲಿ. ಚಾಚಿದ ತುದಿಯ ಮೇಲೆ ಒಂದು ನಾಣ್ಯ. ಇನ್ನೊಂದು ನಾಣ್ಯ ಮೇಜಿನ ಅಂಚಿನಲ್ಲೇ, ಸ್ಕೇಲಿನ ಪಕ್ಕಕ್ಕೆ ತಾಗಿಕೊಂಡು. ಮೇಜಿನ ಮೇಲಿರುವ ಸ್ಕೇಲಿನ ತುದಿಯನ್ನು ಒಂದು ಬೆರಳಲ್ಲಿ ಒತ್ತಿ ಹಿಡಿದು, ಚಾಚಿದ ತುದಿಗೆ ಪಕ್ಕದಿಂದ ಪಟ್ಟಂತ ಹೊಡೆಯಿರಿ. ಸ್ಕೇಲು ಅಡಿಯಿಂದ ಜಾರಿ ಮೊದಲ ನಾಣ್ಯ ನೇರ ಕೆಳಗೆ ಬೀಳುತ್ತದೆ. ಎರಡನೆಯದು ಅಡ್ಡಕ್ಕೆ ಹಾರಿ ದೂರ ಹೋಗಿ ಬೀಳುತ್ತದೆ.

ಕಣ್ಣು ಮುಚ್ಚಿ ಕೇಳಿ ಅಂತ ಮಕ್ಕಳಿಗೆ ಹೇಳುತ್ತೇನೆ. ಸಿಮೆಂಟ್ ನೆಲದ ಮೇಲೆ ಎರಡು ನಾಣ್ಯದ ಸದ್ದು ಒಂದೇ ಸಲ ಕೇಳುತ್ತದೆ. ಎಷ್ಟು ಜೋರಾಗಿ ಹೊಡೆದರೂ ಹಾಗೆಯೇ. ಜೋರಾಗಿ ಹೊಡೆದ ನಾಣ್ಯ ಎರಡು ಬೆಂಚು ದಾಟಿ ಹೋದರೂ ಸದ್ದು ಒಂದೇ ಸಲ. ಮಕ್ಕಳ ಮುಖ ಆಗ ನೋಡಬೇಕು! ಲೆಕ್ಕ ಶುರು ಮಾಡುವ ಮೊದಲು ಈ ಸದ್ದು ಕಿವಿಗೆ ಬೀಳಬೇಕು ಅಂತ ನನ್ನ ಅಭಿಪ್ರಾಯ.

ಮೊಬೈಲಿನಲ್ಲಿ ಸ್ಲೋ ಮೋಷನ್ ಇದ್ದರೆ ಇನ್ನೂ ಒಳ್ಳೆಯದು. ಗೋಡೆಗೆ ಗೆರೆ ಎಳೆದು, ಅದರ ಎದುರು ಚೆಂಡು ಅಡ್ಡ ಎಸೆದು ವಿಡಿಯೊ ಮಾಡಿ. ಹತ್ತನೇ ಒಂದು ಸೆಕೆಂಡಿಗೆ ಒಮ್ಮೆ ನಿಲ್ಲಿಸಿ ಗುರುತು ಹಾಕಿ. ಅಡ್ಡಕ್ಕೆ ಗುರುತುಗಳ ಅಂತರ ಸಮ ಸಮ ಇರುತ್ತದೆ. ಕೆಳಮುಖದ ಅಂತರ 4.9, 14.7, 24.5, 34.3 ಸೆಂಟಿಮೀಟರ್ ಹೀಗೆ ಹೋಗುತ್ತದೆ. ಅಂದರೆ 1, 3, 5, 7ರ ಪ್ರಮಾಣ. ಈ ಬೆಸ ಸಂಖ್ಯೆಗಳನ್ನು ಕಂಡುಕೊಂಡವನೂ ಗೆಲಿಲಿಯೊ. ಏಳನೇ ಕ್ಲಾಸಿನ ಮಗುವೂ ಇದನ್ನು ಅಳೆದು ನೋಡಬಹುದು.

ಮುಳ್ಳೇರಿಯ ಪ್ಲಸ್ ವನ್

ಟೀಚರ್, ನಾಣ್ಯದ್ದು ಮಾಡಿ ನೋಡಿದೆ. ಅಮ್ಮನನ್ನೂ ಕರೆದು ತೋರಿಸಿದೆ. ಒಂದೇ ಸದ್ದು!

ಮಾಷ್ಟ್ರೇ, ಲೆಕ್ಕ ಹಾಕಿದ್ದೇನೆ ನೋಡಿ. ಮೈನಸ್ 40 = 7.5 × ಸಮಯ ಮೈನಸ್ 4.9 × ಸಮಯದ ವರ್ಗ. ಇದು ವರ್ಗ ಸಮೀಕರಣ. ಎರಡು ಉತ್ತರ ಬಂತು: 3.72 ಸೆಕೆಂಡ್ ಮತ್ತು ಮೈನಸ್ 2.19 ಸೆಕೆಂಡ್. 3.72ನ್ನು 12.99ರಿಂದ ಗುಣಿಸಿದರೆ 48.4 ಮೀಟರ್. ಪಟ್ಟಿಯ ಉತ್ತರಕ್ಕೆ ಸರಿ ಹೊಂದುತ್ತದೆ.

ಮೈನಸ್ ಸಮಯವನ್ನು ಸುಮ್ನೆ ಹೊಡೆದು ಹಾಕಬೇಕಾ? ಅದಕ್ಕೆ ಏನಾದರೂ ಅರ್ಥ ಉಂಟಾ? ಮತ್ತೆ 45 ಡಿಗ್ರಿಗೂ ಮಾಡಿ ನೋಡಿದೆ. 43.9 ಮಾತ್ರ ಬಂತು, 30 ಡಿಗ್ರಿಗಿಂತ ಕಡಿಮೆ. 45ಕ್ಕೆ ಎಲ್ಲಕ್ಕಿಂತ ದೂರ ಹೋಗಬೇಕಿತ್ತಲ್ವಾ?

ಕುಂಬಳೆ ನಿವೃತ್ತ ಮಾಷ್ಟ್ರು

ಭೇಷ್! ಮೂರೂ ಲೆಕ್ಕ ಸರಿ. ಯಾರೂ ಹೇಳದೆ 45 ಹಾಕಿ ನೋಡಿದ್ದು ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿತು.

ಮೈನಸ್ 2.19ಕ್ಕೆ ಒಳ್ಳೆಯ ಅರ್ಥ ಉಂಟು. ಸಮೀಕರಣಕ್ಕೆ ಬುರುಜೂ ಗೊತ್ತಿಲ್ಲ, ನೀನು ಎಸೆದದ್ದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದು ಪರವಲಯ ಮಾತ್ರ. ಆ ಪರವಲಯವನ್ನು ಹಿಂದಕ್ಕೆ ಎಳೆದರೆ ಅದು ಕೂಡ ನೀರಿನ ಮಟ್ಟವನ್ನು ಮುಟ್ಟುತ್ತದೆ. ನೀನು ಎಸೆಯುವುದಕ್ಕೆ 2.19 ಸೆಕೆಂಡ್ ಮೊದಲು ಯಾರೋ ನೀರಿನ ಮಟ್ಟದಿಂದ ಸರಿಯಾದ ವೇಗದಲ್ಲಿ ಎಸೆದಿದ್ದರೆ, ಚೆಂಡು ನಿನ್ನ ಕೈಯ ಹತ್ತಿರ ಬರುವಾಗ ಇದೇ ವೇಗ, ಇದೇ ದಿಕ್ಕು ಇರುತ್ತಿತ್ತು. ಅಲ್ಲಿಂದ ಮುಂದಿನ ದಾರಿಯೂ ಇದೇ. ನಮ್ಮ ಲೆಕ್ಕದಲ್ಲಿ ಹಾಗೆ ಎಸೆದವರು ಯಾರೂ ಇಲ್ಲ, ಹಾಗಾಗಿ ಬಿಡುತ್ತೇವೆ. ಅರ್ಥ ಗೊತ್ತಿದ್ದು ಬಿಟ್ಟರೆ ಅದು ಮನಸ್ಸಲ್ಲಿ ಉಳಿಯುತ್ತದೆ.

45ರ ವಿಷಯ. ಸಮತಟ್ಟು ನೆಲದಲ್ಲಿ ದೂರ ಹೋಗಲು ಎರಡು ಬೇಕು, ಸಮಯವೂ ಬೇಕು, ಅಡ್ಡ ವೇಗವೂ ಬೇಕು. ಮೇಲಕ್ಕೆ ಜಾಸ್ತಿ ಕೊಟ್ಟರೆ ಸಮಯ ಸಿಗುತ್ತದೆ, ಅಡ್ಡ ವೇಗ ಹೋಗುತ್ತದೆ. ಎರಡೂ ಸಮ ಆಗುವುದು 45ರಲ್ಲಿ. ಆದರೆ ಕೋಟೆಯ ಮೇಲೆ ನಿಂತವರಿಗೆ ಸಮಯ ಮೊದಲೇ ಧಾರಾಳವಾಗಿ ಉಂಟು, 40 ಮೀಟರ್ ಬೀಳುವ ಸಮಯ. ಸಮಯ ಸಂಪಾದಿಸಲು ವೇಗ ಖರ್ಚು ಮಾಡುವ ಅಗತ್ಯ ಕಡಿಮೆ. ಹಾಗಾಗಿ ಕೋನ ತಗ್ಗಬೇಕು. ನಿನ್ನ ಲೆಕ್ಕಕ್ಕೆ ಅತಿ ದೂರದ ಕೋನ ಸುಮಾರು 25.3 ಡಿಗ್ರಿ, ದೂರ 48.6 ಮೀಟರ್. ಎತ್ತರ ಹೆಚ್ಚಿದಷ್ಟೂ ಕೋನ ಇನ್ನೂ ತಗ್ಗುತ್ತದೆ.

ಒಂದು ಚಂದದ ಸಂಗತಿ ಹೇಳುತ್ತೇನೆ. ಅಡ್ಡ ಎಸೆದಾಗ ಚೆಂಡು ನೀರು ಮುಟ್ಟುವ ಹೊತ್ತಿಗೆ ಕೆಳಮುಖ ವೇಗ 28, ಅಡ್ಡ ವೇಗ 15. ಎರಡರ ವರ್ಗ ಕೂಡಿಸು: 784 + 225 = 1009. ಈಗ 30 ಡಿಗ್ರಿಯದ್ದು. ಕೆಳಮುಖ ವೇಗದ ವರ್ಗ 840.25, ಅಡ್ಡದ್ದು 168.75. ಕೂಡಿಸಿದರೆ ಮತ್ತೆ 1009! ಯಾವ ಕೋನದಲ್ಲಿ ಎಸೆದರೂ ನೀರಿಗೆ ಬೀಳುವ ವೇಗ ಸೆಕೆಂಡಿಗೆ 31.8 ಮೀಟರ್. ದಿಕ್ಕು ಮಾತ್ರ ಬೇರೆ. ನೇರ ಮೇಲಕ್ಕೆ ಎಸೆದರೂ ಅಷ್ಟೇ, ನೇರ ಕೆಳಕ್ಕೆ ಎಸೆದರೂ ಅಷ್ಟೇ. ಶಕ್ತಿಯ ಪಾಠ ಬಂದಾಗ ಇದಕ್ಕೆ ಕಾರಣ ಒಂದೇ ಸಾಲಿನಲ್ಲಿ ಸಿಗುತ್ತದೆ. ಅಲ್ಲಿಯ ತನಕ ಇದು ನಿನ್ನ ಉತ್ತರ ಸರಿಯಾ ಅಂತ ನೋಡುವ ಸಾಧನ ಆಗಿರಲಿ. 1009 ಬರದಿದ್ದರೆ ಎಲ್ಲೋ ತಪ್ಪಿದೆ ಅಂತ ಅರ್ಥ.

ಮಂಜೇಶ್ವರ ಪಿಟಿ ಸರ್

ನಾನು ಆಟದ ಕಡೆಯವನು, ಆದರೆ 45ರ ಮಾತು ಬಂದದ್ದಕ್ಕೆ ಸೇರಿಕೊಳ್ಳುತ್ತೇನೆ. ಶಾಟ್‌ಪುಟ್ ಎಸೆಯುವ ಮಕ್ಕಳಿಗೆ ಸೈನ್ಸ್ ಓದಿದ ಅಣ್ಣಂದಿರು 45 ಡಿಗ್ರಿ ಅಂತ ಹೇಳಿ ಕಳಿಸುತ್ತಾರೆ. ಮಕ್ಕಳು ಆಕಾಶ ನೋಡಿ ಎಸೆಯುತ್ತಾರೆ, ದೂರ ಹೋಗುವುದಿಲ್ಲ. ದೊಡ್ಡ ಕ್ರೀಡಾಕೂಟದಲ್ಲಿ ಒಳ್ಳೆಯ ಎಸೆತಗಾರರು ಸಾಮಾನ್ಯವಾಗಿ 35ರಿಂದ 40 ಡಿಗ್ರಿ ಒಳಗೆ ಎಸೆಯುತ್ತಾರೆ. ನಮ್ಮ ತಜಿಂದರ್‌ಪಾಲ್ ಸಿಂಗ್ ತೂರ್ 2023ರಲ್ಲಿ 21.77 ಮೀಟರ್ ಎಸೆದು ಏಷ್ಯಾ ದಾಖಲೆ ಮಾಡಿದರು. ಅಂಥ ಎಸೆತದ ವಿಡಿಯೊ ನಿಧಾನವಾಗಿ ನೋಡಿದರೆ ಗುಂಡು ಎಷ್ಟು ತಗ್ಗಾಗಿ ಹೊರಡುತ್ತದೆ ಅಂತ ಗೊತ್ತಾಗುತ್ತದೆ. ಭುಜದ ಎತ್ತರದಿಂದ ಎಸೆಯುವುದರಿಂದ ಕೋನ ಸ್ವಲ್ಪ ತಗ್ಗುವುದು ಸರಿ. ಆದರೆ ಅಷ್ಟೊಂದು ತಗ್ಗುತ್ತದಾ ಮಾಷ್ಟ್ರೇ?

ಉಪ್ಪಳದವ, ಈಗ ಮಂಗಳೂರಲ್ಲಿ ಮೆಕ್ಯಾನಿಕಲ್

ಸರ್, ಎತ್ತರ ಒಂದರಿಂದಲೇ ಅಷ್ಟು ತಗ್ಗುವುದಿಲ್ಲ. ಶಾಲೆಯ ಹುಡುಗ 1.7 ಮೀಟರ್ ಎತ್ತರದಿಂದ, ಸೆಕೆಂಡಿಗೆ 9 ಮೀಟರ್ ವೇಗದಲ್ಲಿ ಎಸೆದರೆ ಅತಿ ದೂರದ ಕೋನ 40 ಡಿಗ್ರಿ, ದೂರ 9.82 ಮೀಟರ್. ದೊಡ್ಡವರ ವೇಗಕ್ಕೆ ಅದು 42ರ ಆಸುಪಾಸು ಬರುತ್ತದೆ.

ಉಳಿದ ಕಾರಣ ನಮ್ಮ ಮೈಯಲ್ಲಿ ಉಂಟು. ಲೆಕ್ಕದ ಪುಸ್ತಕ ಎಲ್ಲ ಕೋನಕ್ಕೂ ವೇಗ ಒಂದೇ ಅಂತ ಹಿಡಿಯುತ್ತದೆ. ಮನುಷ್ಯನ ಕೈ ಹಾಗಲ್ಲ. ಭಾರವಾದ ಗುಂಡನ್ನು ಮೇಲಕ್ಕೆ ತಳ್ಳುವಾಗ ಅದರ ತೂಕದ ವಿರುದ್ಧವೂ ತಳ್ಳಬೇಕು. ಎದೆ ಮತ್ತು ಭುಜದ ಕಸುವು ಮುಂದಕ್ಕೆ ತಳ್ಳಲು ಜಾಸ್ತಿ ಸಿಗುತ್ತದೆ, ಮೇಲಕ್ಕೆ ಕಡಿಮೆ. ಅದೇ ಹುಡುಗ 37 ಡಿಗ್ರಿಯಲ್ಲಿ ಅದೇ ವೇಗದಲ್ಲಿ ಎಸೆದರೆ 9.78 ಮೀಟರ್, ನಷ್ಟ 4 ಸೆಂಟಿಮೀಟರ್ ಮಾತ್ರ. ಆದರೆ ಕೋನ ತಗ್ಗಿಸಿದ್ದರಿಂದ ವೇಗ 9ರಿಂದ 9.3 ಆದರೆ ದೂರ 10.3 ಮೀಟರ್! ಕೋನದ ಸಣ್ಣ ವ್ಯತ್ಯಾಸ ಬಹಳ ಕೆಡಿಸುವುದಿಲ್ಲ, ವೇಗದ ಸಣ್ಣ ಹೆಚ್ಚಳ ಬಹಳ ಕೊಡುತ್ತದೆ. ಮಕ್ಕಳಿಗೆ ಕೋನದ ಚಿಂತೆ ಬಿಟ್ಟು ವೇಗ ಹೆಚ್ಚಿಸಲು ಹೇಳಿ ಸರ್.

ಗಾಳಿಯ ಬಗ್ಗೆ ಕೂಡ ಒಂದು ಮಾತು. 7.26 ಕಿಲೊ ಗುಂಡಿಗೆ ಗಾಳಿಯ ತಡೆ ಅದರ ತೂಕದ ನೂರನೇ ಒಂದು ಭಾಗವೂ ಇಲ್ಲ. ಅಲ್ಲಿ ಪರವಲಯದ ಲೆಕ್ಕ ಚೆನ್ನಾಗಿ ನಡೆಯುತ್ತದೆ. ಕ್ರಿಕೆಟ್ ಚೆಂಡು ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಹೋಗುವಾಗ ಗಾಳಿಯ ತಡೆ ಸುಮಾರು 1 ನ್ಯೂಟನ್, ಚೆಂಡಿನ ತೂಕವೇ 1.6 ನ್ಯೂಟನ್. ಬೌಂಡರಿಯಿಂದ ಎಸೆದ ಚೆಂಡಿಗೆ ಪುಸ್ತಕದ ಲೆಕ್ಕ ಹಾಕಿದರೆ ದೂರ ಜಾಸ್ತಿ ಬರುತ್ತದೆ. ಶಟಲ್‌ನಲ್ಲಿ ಅಂತೂ ಲೆಕ್ಕವೇ ಬೇರೆ. ಎಷ್ಟು ಎತ್ತರದಿಂದ ಬಿದ್ದರೂ ಅದರ ಬೀಳುವ ವೇಗ ಸೆಕೆಂಡಿಗೆ 7 ಮೀಟರಿನ ಹತ್ತಿರ ನಿಂತುಬಿಡುತ್ತದೆ. ಸಂಜೆ ಹೊತ್ತು ಊರಿನ ಕೋರ್ಟಿನಲ್ಲಿ ಎತ್ತರಕ್ಕೆ ಹೊಡೆದ ಶಟಲ್ ನೋಡಿ. ನೇರ ಹೋಗಿ, ಬಾಗಿ, ಹೆಚ್ಚು ಕಡಿಮೆ ನೇರ ಕೆಳಗೆ ಬೀಳುತ್ತದೆ. ತಾರ್ತಾಲಿಯಾನ ಚಿತ್ರವನ್ನೇ ನೋಡಿದ ಹಾಗೆ ಆಗುತ್ತದೆ.

ಕಾಸರಗೋಡು ನೀಟ್ ರಿಪೀಟರ್

ಇದೆಲ್ಲ ಕೇಳಲು ಚಂದ ಉಂಟು, ನಾನೂ ಆಸೆಯಿಂದ ಓದಿದೆ. ಆದರೆ ಮಾಷ್ಟ್ರೇ, ಪರೀಕ್ಷೆಯಲ್ಲಿ ಒಂದು ನಿಮಿಷದಲ್ಲಿ ಇದು ಆಗುತ್ತದಾ? ಉದಾಹರಣೆಗೆ ಈ ಥರದ ಪ್ರಶ್ನೆ: ಒಂದೇ ವೇಗದಲ್ಲಿ ಎರಡು ಚೆಂಡು, ಒಂದು 30 ಡಿಗ್ರಿಗೆ, ಇನ್ನೊಂದು 60ಕ್ಕೆ. ಗಾಳಿಯಲ್ಲಿ ಇರುವ ಸಮಯದ ಅನುಪಾತ ಎಷ್ಟು? ಗರಿಷ್ಠ ಎತ್ತರದ ಅನುಪಾತ ಎಷ್ಟು? ಸೂತ್ರ ಬಾಯಿಪಾಠ ಇದ್ದರೆ ಇದು ಹತ್ತು ಸೆಕೆಂಡಿನ ಕೆಲಸ.

ಕುಂಬಳೆ ನಿವೃತ್ತ ಮಾಷ್ಟ್ರು

ನಿಮ್ಮ ಆತಂಕ ನನಗೆ ಅರ್ಥ ಆಗುತ್ತದೆ. ಒಂದು ವರ್ಷ ಮತ್ತೆ ಕೂತು ಓದುವುದು ಸುಲಭದ ಕೆಲಸ ಅಲ್ಲ. ಆದರೆ ನಿಮ್ಮ ಪ್ರಶ್ನೆಯನ್ನೇ ನೋಡಿ. ಸಮಯ ನಿರ್ಧಾರ ಮಾಡುವುದು ಮೇಲ್ಮುಖದ ವೇಗ ಮಾತ್ರ. 30ಕ್ಕೆ ಅದು ಅರ್ಧ, 60ಕ್ಕೆ ರೂಟ್ 3ರ ಅರ್ಧ. ಅನುಪಾತ 1ಕ್ಕೆ ರೂಟ್ 3. ಎತ್ತರ ಅದರ ವರ್ಗದಂತೆ ಹೋಗುತ್ತದೆ, 1ಕ್ಕೆ 3. ಪೆನ್ನು ಮುಟ್ಟಬೇಕಾಗಿಲ್ಲ. ಬೇಕಾದರೆ ಸೂತ್ರವೂ ಇದರಿಂದಲೇ ಹುಟ್ಟುತ್ತದೆ. ಮೇಲ್ಮುಖ ವೇಗವನ್ನು 9.8ರಿಂದ ಭಾಗಿಸಿದರೆ ಏರುವ ಸಮಯ, ಇಳಿಯಲು ಅಷ್ಟೇ, ಒಟ್ಟು ಎರಡು ಪಟ್ಟು. ಅದನ್ನು ಅಡ್ಡ ವೇಗದಿಂದ ಗುಣಿಸಿದರೆ ನಿಮ್ಮ ರೇಂಜ್ ಸೂತ್ರ ಆಯ್ತು. 30ಕ್ಕೂ 60ಕ್ಕೂ ದೂರ ಒಂದೇ ಯಾಕೆ ಅನ್ನುವುದೂ ಕಾಣುತ್ತದೆ. ಒಂದರ ಅಡ್ಡ ವೇಗ ಇನ್ನೊಂದರ ಮೇಲ್ಮುಖ ವೇಗ, ಎರಡು ಅದಲುಬದಲು. ಗುಣಲಬ್ಧ ಬದಲಾಗುವುದಿಲ್ಲ.

ಸೂತ್ರ ಬೇಡ ಅಂತ ನಾನು ಹೇಳುವುದಿಲ್ಲ. ಅದು ಎಲ್ಲಿ ಹುಟ್ಟಿತು ಅಂತ ಗೊತ್ತಿದ್ದರೆ ಎಲ್ಲಿ ನಡೆಯುವುದಿಲ್ಲ ಅಂತಲೂ ಗೊತ್ತಿರುತ್ತದೆ. ಈ ತಂಗಿಯ ಪ್ರಶ್ನೆಯಲ್ಲಿ ಬೇಕಾಗಿದ್ದದ್ದು ಅದೇ. ಪರೀಕ್ಷೆ ಮಾಡುವವರು ಇಂಥ ಕಡೆಯೇ ಪ್ರಶ್ನೆ ಕೇಳುತ್ತಾರೆ.

ಪೈವಳಿಕೆ ಅಡಿಕೆ ತೋಟ

ಎಲ್ಲ ಓದಿದೆ. ನಾನು ಓದಿದ್ದು ಪ್ರೀ ಡಿಗ್ರಿ ತನಕ, ಆದರೆ ಈ ಚರ್ಚೆ ನನ್ನ ತೋಟಕ್ಕೇ ಬಂದ ಹಾಗಾಯ್ತು. ಗಾಳಿಗೆ ಅಡಿಕೆ ಮರ ತೂಗುವಾಗ ಗೊನೆ ಕೊಯ್ದು ಬಿಟ್ಟರೆ ಅದು ಮರದ ಬುಡದಲ್ಲಿ ಬೀಳುವುದಿಲ್ಲ, ಆಚೆ ಈಚೆ ಬೀಳುತ್ತದೆ. ಗಾಳಿ ತಳ್ಳುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅಷ್ಟು ಭಾರದ ಗೊನೆಯನ್ನು ಗಾಳಿ ಅಷ್ಟು ದೂರ ತಳ್ಳುತ್ತದಾ?

ಇನ್ನೊಂದು. ನಮ್ಮಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಪೈಪಿನಲ್ಲಿ ಟಾಂಕಿಗೆ ಬೀಳುತ್ತದೆ. ನಿಮಿಷಕ್ಕೆ ಎಷ್ಟು ಲೀಟರ್ ಅಂತ ತಿಳಿಯಲು ಬಕೆಟ್ ಹಿಡಿಯುತ್ತೇವೆ. ನೀರು ಬಾಗಿ ಬೀಳುವ ದೂರ ನೋಡಿ ಹೇಳಬಹುದಾ?

ಬದಿಯಡ್ಕ ಟೀಚರ್

ಅಣ್ಣ, ಗೊನೆಯದ್ದು ಮಾಷ್ಟ್ರು ಹೇಳಿದ ಲೆಕ್ಕವೇ. ಮರದ ತಲೆ ತೂಗುತ್ತಾ ಇರುವಾಗ ಗೊನೆಗೂ ಆ ಅಡ್ಡ ವೇಗ ಉಂಟು. ಕೊಯ್ದ ಕೂಡಲೇ ಅದು ಹೋಗುವುದಿಲ್ಲ. 12 ಮೀಟರ್ ಎತ್ತರದಿಂದ ಬೀಳಲು 1.56 ಸೆಕೆಂಡ್ ಬೇಕು. ಕೊಯ್ಯುವ ಹೊತ್ತಿಗೆ ತಲೆ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ತೂಗುತ್ತಿದ್ದರೆ ಗೊನೆ ಒಂದೂವರೆ ಮೀಟರ್ ಆಚೆ ಬೀಳುತ್ತದೆ. ಮರ ತೂಗಿ ತುದಿಗೆ ಹೋಗಿ ಒಂದು ಕ್ಷಣ ನಿಂತಾಗ ಕೊಯ್ದರೆ ನೇರ ಕೆಳಗೆ. ಕೆಳಗೆ ನಿಂತವರಿಗೆ ಇದು ಗೊತ್ತಿರುವುದು ಒಳ್ಳೆಯದು.

ನೀರಿನದ್ದೂ ಆಗುತ್ತದೆ, ಬೋರ್‌ವೆಲ್ ನೀರಿಗೆ ಇದೇ ವಿಧಾನ ಬಳಸುವುದುಂಟು. ಪೈಪು ನೆಲಕ್ಕೆ ಸಮನಾಗಿರಬೇಕು, ನೀರು ಪೈಪು ತುಂಬಿ ಬರಬೇಕು. ಪೈಪಿನ ಬಾಯಿಯ ನಡುವಿನಿಂದ ನೇರ 1 ಮೀಟರ್ ಕೆಳಗಿನ ಮಟ್ಟದಲ್ಲಿ ನೀರಿನ ಧಾರೆಯ ನಡುಭಾಗ ಎಷ್ಟು ಮುಂದೆ ಉಂಟು ಅಂತ ಅಳೆಯಿರಿ. 1 ಮೀಟರ್ ಬೀಳಲು 0.45 ಸೆಕೆಂಡ್. ದೂರವನ್ನು ಅದರಿಂದ ಭಾಗಿಸಿದರೆ ನೀರಿನ ವೇಗ. ಅದನ್ನು ಪೈಪಿನ ಬಾಯಿಯ ವಿಸ್ತೀರ್ಣದಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ನೀರು ಅಂತ ಬರುತ್ತದೆ.

ಪೈವಳಿಕೆ ಅಡಿಕೆ ತೋಟ

ಟೀಚರ್, ಅಳೆದೆ. ಮಟ್ಟ ನೋಡುವ ಟ್ಯೂಬ್ ಇಟ್ಟು ಪೈಪು ಸಮ ಮಾಡಿದೆ. 1 ಮೀಟರ್ ಕೆಳಗೆ ಧಾರೆ 60 ಸೆಂಟಿಮೀಟರ್ ಮುಂದೆ ಉಂಟು. ಪೈಪು 25 ಮಿಲಿಮೀಟರಿನದ್ದು. ಮಗಳು ಲೆಕ್ಕ ಹಾಕಿದಳು. ವೇಗ ಸೆಕೆಂಡಿಗೆ 1.33 ಮೀಟರ್, ನೀರು ಸೆಕೆಂಡಿಗೆ 0.65 ಲೀಟರ್. ಆ ಲೆಕ್ಕದಲ್ಲಿ 15 ಲೀಟರ್ ಬಕೆಟ್ ತುಂಬಲು 23 ಸೆಕೆಂಡ್ ಸಾಕು. ಆದರೆ ಬಕೆಟ್ ಹಿಡಿದರೆ 28 ಸೆಕೆಂಡ್ ಹಿಡಿಯುತ್ತದೆ. ಇಷ್ಟು ವ್ಯತ್ಯಾಸ ಯಾಕೆ?

ಉಪ್ಪಳದವ, ಈಗ ಮಂಗಳೂರಲ್ಲಿ ಮೆಕ್ಯಾನಿಕಲ್

ಪೈಪು ಸ್ವಲ್ಪ ಮೇಲ್ಮುಖ ಆಗಿದ್ದರೆ ಧಾರೆ ಮುಂದೆ ಹೋಗುತ್ತದೆ, ಆಗ ಲೆಕ್ಕದಲ್ಲಿ ನೀರು ಜಾಸ್ತಿ ಕಾಣುತ್ತದೆ. ಆದರೆ 10 ಡಿಗ್ರಿ ಓರೆ ಇದ್ದರೂ ಇಷ್ಟು ವ್ಯತ್ಯಾಸ ಬರುವುದಿಲ್ಲ, ಹಾಕಿ ನೋಡಿದೆ. ಕಾರಣ ಬೇರೆ ಎಲ್ಲೋ ಉಂಟು.

ಮುಳ್ಳೇರಿಯ ಪ್ಲಸ್ ವನ್

ಮಾವ, 25 ಮಿಲಿಮೀಟರ್ ಅಂತ ಪೈಪಿನ ಮೇಲೆ ಬರೆದದ್ದನ್ನು ಹೇಳಿದ್ದಾ, ಅಥವಾ ಒಳಗಿನ ಬಾಯಿ ಅಳೆದದ್ದಾ? ನಮ್ಮ ಮನೆಯ ಪಿವಿಸಿ ಪೈಪಿನಲ್ಲಿ ಬರೆದ ಅಳತೆ ಹೊರಗಿನದ್ದು, ಸ್ಕೇಲು ಇಟ್ಟು ನೋಡಿದೆ. ನೀರು ಹೋಗುವುದು ಒಳಗಿನ ಬಾಯಿಯಲ್ಲಿ ಅಲ್ವಾ? ಪೈಪಿನ ದಪ್ಪ ಎರಡು ಕಡೆಯೂ ಕಳೆಯಬೇಕು.

ಪೈವಳಿಕೆ ಅಡಿಕೆ ತೋಟ

ಈಗಷ್ಟೇ ಒಂದು ತುಂಡು ಕತ್ತರಿಸಿ ನೋಡಿದೆ ಮಗಾ. ಬರೆದದ್ದು ಹೊರಗಿನ ಅಳತೆಯೇ. ದಪ್ಪ 1.2 ಮಿಲಿಮೀಟರ್, ಹಾಗಾದರೆ ಒಳಗೆ 22.6. ಮಗಳು ಮತ್ತೆ ಲೆಕ್ಕ ಹಾಕಿದಳು. ಸೆಕೆಂಡಿಗೆ 0.53 ಲೀಟರ್, ಬಕೆಟ್ ತುಂಬಲು 28.2 ಸೆಕೆಂಡ್. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ಪೈಪು ತುಂಬಿ ಬರುವುದಿಲ್ಲ. ಆಗ ಹೇಗೆ ಅಳೆಯಬೇಕು ಅಂತ ಯಾರಾದರೂ ಹೇಳಿ.

ಬದಿಯಡ್ಕ ಟೀಚರ್

ಪೈಪಿನ ತುದಿಗೆ ಸಣ್ಣ ಬಾಯಿಯ ರೆಡ್ಯೂಸರ್ ಹಾಕಿ ಅಣ್ಣ. ನೀರು ಕಡಿಮೆ ಇದ್ದರೂ ಸಣ್ಣ ಬಾಯಿ ತುಂಬಿ ಬರುತ್ತದೆ. ಅದರ ಒಳಗಿನ ಅಳತೆ ಮೊದಲೇ ಬರೆದಿಟ್ಟುಕೊಳ್ಳಿ.